ಹೆಟೆರೊಸಿಸ್ಟ್ ಅಧ್ಯಯನಕ್ಕೆ ಯಾವುದು: ಅನಬೀನಾ 7120 ಅಥವಾ ನಾಸ್ಟಾಕ್ ಪಂಕ್ಟಿಫಾರ್ಮೆ?

ಸೈನೋಬ್ಯಾಕ್ಟೀರಿಯಾ (ಬೆಳಕಿನಿಂದ ಆಹಾರ ಮಾಡಿಕೊಳ್ಳುವ ಬ್ಯಾಕ್ಟೀರಿಯಾ) ಮೇಲೆ ಎಂಎಸ್ಸಿ ಪ್ರಾಜೆಕ್ಟ್ ಮಾಡುವವರಿಗೆ ಈ ಎರಡೂ ಒಳ್ಳೆಯ ಆಯ್ಕೆ. ನೈಟ್ರೇಟ್, ಅಮೋನಿಯಾ ಸಿಗದಿದ್ದಾಗ ಎರಡೂ ಕೆಲವು ಕೋಶಗಳನ್ನು ಹೆಟೆರೊಸಿಸ್ಟ್ ಎಂಬ ವಿಶೇಷ ಕೋಶಗಳಾಗಿ ಮಾಡಿ, ಅವುಗಳ ಮೂಲಕ ಗಾಳಿಯ ಸಾರಜನಕವನ್ನೇ ಹಿಡಿಯುತ್ತವೆ.

ಜೀನ್‌ಗಳ ಕೆಲಸ ನೋಡಬೇಕಾದರೆ ನನ್ನ ಮತ ಅನಬೀನಾಗೆ. ಬಿಜಿ-11 ಮೀಡಿಯಂನಲ್ಲಿ (ಸೈನೋಬ್ಯಾಕ್ಟೀರಿಯಾ ಬೆಳೆಸುವ ಪೋಷಕ ದ್ರವ) ನೈಟ್ರೇಟ್ ಹಾಕದೆ ಬೆಳೆಸಿ. ಸಾರಜನಕದ ಕೊರತೆಯ ಸೂಚನೆಯಾಗಿ ಕೋಶದೊಳಗೆ 2-ಆಕ್ಸೊಗ್ಲುಟರೇಟ್ ಎಂಬ ಸಣ್ಣ ಅಣು ಜಾಸ್ತಿಯಾಗುತ್ತದೆ. ಅದು ಜೀನ್‌ಗಳನ್ನು ನಿಯಂತ್ರಿಸುವ ಎನ್‌ಟಿಸಿಎ ಪ್ರೋಟೀನನ್ನು ಚುರುಕುಗೊಳಿಸುತ್ತದೆ, ಆಮೇಲೆ ಹೆಟೆರೊಸಿಸ್ಟ್ ಆಗುವಂತೆ ಮಾಡುವ ಹೆಟ್‌ಆರ್ ಪ್ರೋಟೀನ್ ಏರುತ್ತದೆ. ಸುಮಾರು 24 ಗಂಟೆಯಲ್ಲಿ ಎಳೆಯುದ್ದಕ್ಕೂ (ಕೋಶಗಳ ಸಾಲಿನುದ್ದಕ್ಕೂ) 10-20 ಕೋಶಕ್ಕೊಂದರಂತೆ ಮಸುಕಾದ, ದಪ್ಪ ಗೋಡೆಯ ಕೋಶಗಳು ಕಾಣುತ್ತವೆ. ಆಲ್ಸಿಯನ್ ಬ್ಲೂ ಎಂಬ ಬಣ್ಣ ಹಾಕಿದರೆ ಅವುಗಳ ಹೊದಿಕೆ ನೀಲಿಯಾಗುತ್ತದೆ, ಎಣಿಸೋದು ಸುಲಭ. ಪಕ್ಕದ ಕೋಶಗಳೂ ಹಾಗಾಗದಂತೆ ತಡೆಯುವುದು ಪ್ಯಾಟ್‌ಎಸ್ ಎಂಬ ಪುಟ್ಟ ಪೆಪ್ಟೈಡ್ (ಪ್ರೋಟೀನಿನಂಥ ಚಿಕ್ಕ ಸರಪಳಿ). ಆ ಜೀನ್ ಕೆಡಿಸಿದರೆ ಹೆಟೆರೊಸಿಸ್ಟ್‌ಗಳು ಒಂದರ ಪಕ್ಕ ಒಂದು ಹುಟ್ಟುತ್ತವೆ. ಎಷ್ಟು ಸೊಗಸು ಅಲ್ವಾ! ಇದರ ಜೀನೋಮ್ 2001ರಲ್ಲೇ ಪ್ರಕಟವಾಗಿದೆ. ಇ. ಕೋಲಿಯಿಂದ ಇದಕ್ಕೆ ಜೀನ್ ಸಾಗಿಸುವ ವಿಧಾನವೂ ಚೆನ್ನಾಗಿ ಪಳಗಿದೆ.

ನಾಸ್ಟಾಕ್‌ನ ಬಲ ಬೇರೆ. ಹಾರ್ಮೊಗೋನಿಯಾ ಎಂಬ ತೆವಳುವ ಚಿಕ್ಕ ಎಳೆಗಳು, ಅಕಿನೀಟ್ ಎಂಬ ಕಷ್ಟಕಾಲ ತಡೆದುಕೊಳ್ಳುವ ಕೋಶಗಳು, ಹಾರ್ನ್‌ವರ್ಟ್ ಎಂಬ ಪಾಚಿಯಂಥ ಪುಟ್ಟ ಸಸ್ಯದೊಳಗಿನ ಸಹಜೀವನ, ಎಲ್ಲವೂ ಇದರಲ್ಲಿವೆ. ಸಸ್ಯದೊಳಗೆ ಸೇರಿದಾಗ ಹೆಟೆರೊಸಿಸ್ಟ್‌ಗಳ ಪ್ರಮಾಣ ಹಲವು ಪಟ್ಟು ಏರುತ್ತದೆ. ಸಕ್ಕರೆ ಕೊಟ್ಟರೆ ಕತ್ತಲಲ್ಲೂ ಬೆಳೆಯುತ್ತದೆ. ಆದರೆ ಜೀನೋಮ್ ದೊಡ್ಡದು: ಸುಮಾರು 90 ಲಕ್ಷ ಬೇಸ್ ಜೋಡಿ, ಅನಬೀನಾದ್ದು ಸುಮಾರು 72 ಲಕ್ಷ. ಸಸ್ಯದ ಜೊತೆಗಿನ ನಂಟು ಅಥವಾ ಒಂದೇ ಕೋಶಕ್ಕೆ ತೆರೆದಿರುವ ಹಲವು ದಾರಿಗಳು ನಿಮ್ಮ ಪ್ರಶ್ನೆಯಾಗಿದ್ದರೆ ಇದನ್ನೇ ಆರಿಸಿ. ಆರು ತಿಂಗಳಲ್ಲಿ ಮುಗಿಸಬೇಕಿದ್ದರೆ ಅನಬೀನಾ ಸಾಕು.