ಹಳೇ ಯೆಜ್ಡಿ ಸ್ಪೇರ್ ಅಂಗಡಿ: ಲೋಹಕ್ಕೆ ಐದು ಸ್ಟಾರ್, ರಬ್ಬರ್‌ಗೆ ಎರಡು

ರೋಡ್‌ಕಿಂಗ್ ಅನ್ನೋ ಯೆಜ್ಡಿ ಬೈಕ್ ಇನ್ನೂ ಓಡಿಸುವವರು ಮೈಸೂರಿನ ಈ ಅಂಗಡಿಗೆ ಒಮ್ಮೆ ಹೋಗಲೇಬೇಕು. ಈ ಬೈಕ್ ತಯಾರಿಸುತ್ತಿದ್ದ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆಗಿನ ಮಾಲು ಒಂದಿಷ್ಟು ಇವರ ಅಟ್ಟದ ಮೇಲೆ ಇನ್ನೂ ಇದೆ. ನಾನು ತಂದ ಗೇರ್, ಎಣ್ಣೆ ಕಾಗದದಲ್ಲಿ ಸುತ್ತಿದ ಹಾಗೇ ಇತ್ತು, ಹಲ್ಲಿನ ಮೇಲೆ ಒಂದು ಚುಕ್ಕೆ ತುಕ್ಕಿಲ್ಲ. ಪಿಸ್ಟನ್, ರಿಂಗ್‌ ಕೂಡ ಹಾಗೇ. ಕಣ್ಮುಚ್ಚಿ ತಗೊಳ್ಳಿ. ರೇಟು ಜಾಸ್ತಿನೇ, ಆದ್ರೆ ಆ ಕ್ವಾಲಿಟಿ ಈಗಿನ ಡೂಪ್ಲಿಕೇಟ್‌ನಲ್ಲಿ ಎಲ್ಲಿ ಬರುತ್ತೆ?

ತಕರಾರು ಇರೋದು ರಬ್ಬರ್ ಮಾಲಿನ ಬಗ್ಗೆ. ಕ್ರ್ಯಾಂಕ್ ಸೀಲ್ (ಇಂಜಿನ್ನಿನ ತಿರುಗುವ ದಂಡದ ಎರಡೂ ಕಡೆ ಗಾಳಿ, ಎಣ್ಣೆ ತಡೆಯುವ ರಬ್ಬರ್ ಬಳೆ) ಕೇಳಿದರೆ ಯಜಮಾನರು ಅದೇ ಅಟ್ಟದಿಂದ ತೆಗೆದುಕೊಡುತ್ತಾರೆ. "ಫ್ಯಾಕ್ಟರಿ ಮಾಲು ಸಾರ್, ಐದು ಜೊತೆ ತಗೊಂಡು ಇಟ್ಬಿಡಿ. ನಿಮ್ಮ ಕಾಲಕ್ಕೆ ಸಾಕು" ಅಂದರು. ಪೊಟ್ಟಣ ಒಡೆದು ಸೀಲಿನ ತುಟಿಯನ್ನು ಉಗುರಲ್ಲಿ ಮಡಚಿ ನೋಡಿದೆ. ಕೂದಲೆಳೆಯಂಥ ಬಿರುಕು ಸಾಲಾಗಿ ಬಾಯಿಬಿಟ್ಟಿತು. ಒಳಗಿನ ಸಣ್ಣ ಸ್ಪ್ರಿಂಗ್ ಕೆಂಪಗಾಗಿತ್ತು. ಒಂದು ಕಿಲೋಮೀಟರ್ ಕೂಡ ಓಡದ ಸೀಲ್ ಅದು!

ಟೂ ಸ್ಟ್ರೋಕ್ ಗಾಡಿಯಲ್ಲಿ ಇದು ಸಣ್ಣ ವಿಷಯ ಅಲ್ಲ. ಮ್ಯಾಗ್ನೆಟ್ ಕಡೆಯ ಸೀಲ್ ಸೋರಿದರೆ ಹೊರಗಿನ ಗಾಳಿ ಒಳಗೆ ನುಗ್ಗುತ್ತೆ. ಪೆಟ್ರೋಲ್ ಮಿಶ್ರಣ ತೆಳುವಾಗಿ ಇಂಜಿನ್ ವಿಪರೀತ ಬಿಸಿಯಾಗುತ್ತೆ, ಕೊನೆಗೆ ಪಿಸ್ಟನ್ ಸಿಲಿಂಡರಿನಲ್ಲೇ ಹಿಡಿದುಕೊಳ್ಳುತ್ತೆ. ಕ್ಲಚ್ ಕಡೆಯದು ಹೋದರೆ ಗೇರ್ ಆಯಿಲ್ ಎಳೆದುಕೊಂಡು ಬೀದಿ ತುಂಬ ಬಿಳಿ ಹೊಗೆ. ಅಷ್ಟು ದುಡ್ಡು ಕೊಟ್ಟು ತಂದ ಪಿಸ್ಟನ್ ಉಳಿಯೋದೂ ಬಿಡೋದೂ ಈ ಸೀಲಿನ ಮೇಲೆ.

ಯಜಮಾನರ ಐದು ಜೊತೆಯ ಲೆಕ್ಕ ಪಿಸ್ಟನ್‌ಗೆ ಸರಿ. ಇಟ್ಟರೆ ಹಾಳಾಗಲ್ಲ, ಐದು ಅಂದ್ರೆ ಐದೇ. ಸೀಲ್ ಹಾಗಲ್ಲ. ರಬ್ಬರ್ ದಾಸ್ತಾನಿನ ಅಂತಾರಾಷ್ಟ್ರೀಯ ಮಾನದಂಡ ಐಎಸ್‌ಒ 2230 ಪ್ರಕಾರ ನೈಟ್ರೈಲ್ ರಬ್ಬರಿನ ಸೀಲನ್ನು ಬಿಸಿಲು, ಶಾಖ ತಾಗದಂತೆ ಮುಚ್ಚಿಟ್ಟರೆ 7 ವರ್ಷ. ಆಮೇಲೆ ಪರೀಕ್ಷೆ ಮಾಡಿ ಚೆನ್ನಾಗಿದ್ದರೆ ಇನ್ನೂ 3. ಗಾಡಿಯಲ್ಲಿ ಒಂದು ಜೊತೆ ಆರು ವರ್ಷ ಬಂತು ಅಂತಿಟ್ಟುಕೊಳ್ಳಿ. ಎರಡನೇ ಜೊತೆ ಹಾಕುವಾಗ ಅದಕ್ಕೆ ಆಗಲೇ ಆರು ವರ್ಷ ವಯಸ್ಸು. ಮೂರನೆಯದರ ಸರದಿ ಬರೋದು ಹನ್ನೆರಡನೇ ವರ್ಷಕ್ಕೆ, ಅಷ್ಟೊತ್ತಿಗೆ ಅದು ಡಬ್ಬಿಯಲ್ಲೇ ಮುಗಿದಿರುತ್ತೆ. ಅಂದ್ರೆ ಐದು ಜೊತೆಗೆ ಮೂವತ್ತು ವರ್ಷ ಅಂದುಕೊಂಡಿದ್ದು ಹನ್ನೆರಡಕ್ಕೇ ನಿಂತಿತು. ಅದೂ ಇವತ್ತು ತಯಾರಾದ ಸೀಲ್ ತಂದರೆ. ತಗಡಿನ ಸೂರಿನಡಿ ಇಪ್ಪತ್ತೈದಕ್ಕೂ ಹೆಚ್ಚು ಬೇಸಿಗೆ ಕಂಡ ಸೀಲಿಗೆ ಏನು ಲೆಕ್ಕ ಹಾಕ್ತೀರಿ?

ಇದನ್ನೆಲ್ಲ ಹೇಳಿದ್ದಕ್ಕೆ ಯಜಮಾನರು ಬೇಜಾರು ಮಾಡಿಕೊಳ್ಳಲಿಲ್ಲ. ಸುಮ್ನೆ ನಕ್ಕು ಸೀಲ್ ವಾಪಸ್ ಇಟ್ಟರು. (ಮುಂದಿನ ಗಿರಾಕಿಗೆ ಅದನ್ನೇ ಕೊಟ್ಟಿರ್ತಾರೆ, ಅದು ಬೇರೆ ಮಾತು.) ಕಾಫಿನೂ ತರಿಸಿದರು.

ಕಾರ್ಕ್ ಕ್ಲಚ್ ಪ್ಲೇಟ್ ತಗೊಳ್ಳೋದಾದರೆ ತುಂಡುಗಳನ್ನು ಬೆರಳಲ್ಲಿ ಅಲುಗಾಡಿಸಿ ನೋಡಿ, ಒಣಗಿ ಸಡಿಲಾಗಿರುತ್ತವೆ. ಸೀಲ್ ಮಾತ್ರ ಬೇರಿಂಗ್ ಅಂಗಡಿಯಲ್ಲಿ ಹೊಸದೇ ತಗೊಳ್ಳಿ. ಹಳೇ ಸೀಲಿನ ಒಳವ್ಯಾಸ, ಹೊರವ್ಯಾಸ, ದಪ್ಪ, ಈ ಮೂರು ಅಳತೆ ಬರೆದುಕೊಂಡು ಹೋದರೆ ಸಾಕು.