ಶೋಧಗಂಗಾ: ಕನ್ನಡ ಕಥನ ಸಾಹಿತ್ಯದ ಸಂಶೋಧಕರಿಗೆ ಎಷ್ಟು ಒದಗುತ್ತದೆ?

ಇಂದಿನ ಕಥೆ, ಕಾದಂಬರಿಗಳ ಮೇಲೆ ಪಿಎಚ್.ಡಿ.ಗೆ ಹೊರಟವರು ವಿಷಯ ಗಟ್ಟಿ ಮಾಡುವ ಮೊದಲು ಶೋಧಗಂಗಾ ನೋಡಲೇಬೇಕು. ವಿಶ್ವವಿದ್ಯಾಲಯ ಗ್ರಂಥಾಲಯಗಳನ್ನು ಬೆಸೆಯುವ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ, ಪಿಎಚ್.ಡಿ. ಪ್ರಬಂಧಗಳ ಆನ್‌ಲೈನ್ ಭಂಡಾರ ಇದು. ಪ್ರಬಂಧದ ವಿದ್ಯುನ್ಮಾನ ಪ್ರತಿಯನ್ನೂ ಸಲ್ಲಿಸಬೇಕೆಂದ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2009ರ ನಿಯಮಾವಳಿಯ ನಂತರ ಬೆಳೆದದ್ದು. ಓದಲು ಹಣ ಕೊಡಬೇಕಿಲ್ಲ.

ಹುಡುಕಾಟವೇ ಕಷ್ಟದ ಭಾಗ. ಕನ್ನಡ ಪ್ರಬಂಧಗಳ ಶೀರ್ಷಿಕೆ ಹಲವೆಡೆ ರೋಮನ್ ಲಿಪಿಯಲ್ಲಿದೆ. ‘ಕಾದಂಬರಿ’ಯ ದೀರ್ಘಕ್ಕೆ ಒಬ್ಬರು ಒಂದು ‘ಎ’ ಹಾಕಿದರೆ ಇನ್ನೊಬ್ಬರು ಎರಡು ಹಾಕುತ್ತಾರೆ. 2025ರ ಅಂತರರಾಷ್ಟ್ರೀಯ ಬೂಕರ್ ಪಡೆದ ಬಾನು ಮುಷ್ತಾಕ್ ಅವರ ಹೆಸರನ್ನು ಕೊನೆಯಲ್ಲಿ ‘ಕ್ಯೂ’ ಇಟ್ಟೂ ‘ಕೆ’ ಇಟ್ಟೂ ಹುಡುಕಿ. ಆಮೇಲೆ ಹುಡುಕು ಪೆಟ್ಟಿಗೆ ಬಿಟ್ಟು, ವಿಶ್ವವಿದ್ಯಾಲಯ, ವಿಭಾಗ ಎಂದು ಒಂದೊಂದಾಗಿ ಇಳಿಯಿರಿ. ಕನ್ನಡ ವಿಭಾಗಕ್ಕೇ ನಿಲ್ಲಬೇಡಿ. ಅನುವಾದಿತ ಕನ್ನಡ ಕಥನದ ಮೇಲಿನ ಕೆಲಸ ಇಂಗ್ಲಿಷ್ ವಿಭಾಗದಲ್ಲಿರುತ್ತದೆ.

ಪ್ರಬಂಧ ಅಧ್ಯಾಯವಾರು ಪಿಡಿಎಫ್‌ಗಳಾಗಿ ಸಿಗುತ್ತದೆ. ಇಳಿಸಿಕೊಂಡ ಕೂಡಲೇ ಒಂದು ಸಾಲು ನಕಲಿಸಿ ಬೇರೆಡೆ ಅಂಟಿಸಿ ನೋಡಿ. ಯೂನಿಕೋಡ್ (ಎಲ್ಲ ಗಣಕಗಳಲ್ಲೂ ಒಂದೇ ಆಗಿರುವ ಅಕ್ಷರ ಸಂಕೇತ) ಅಲ್ಲದ, ಹಳೆಯ ‘ನುಡಿ’ ತಂತ್ರಾಂಶದ ಫಾಂಟಿನದಾದರೆ ‘ಕನ್ನಡ’ ಎಂಬ ಪದದ ನಡುವೆ ಪೌಂಡ್ ಚಿಹ್ನೆ ಬಂದು ಕೂತಿರುತ್ತದೆ. ಅಂಥ ಕಡತದೊಳಗೆ ಯೂನಿಕೋಡ್ ಪದ ಹುಡುಕಿದರೆ ಏನೂ ಸಿಗದು. ಪರಿವರ್ತಕಕ್ಕೆ ಹಾಕಿ ಯೂನಿಕೋಡ್ ಮಾಡಿಕೊಳ್ಳಬಹುದು, ಆದರೆ ಅರ್ಕಾವತ್ತು ಮತ್ತು ಒತ್ತಕ್ಷರ ಕೆಲವೊಮ್ಮೆ ಜಾಗ ತಪ್ಪುತ್ತವೆ. ನುಡಿಯಲ್ಲಿ ಅರ್ಕಾವತ್ತನ್ನು ಅಕ್ಷರದ ನಂತರ ಬರೆಯುತ್ತಾರೆ, ಯೂನಿಕೋಡಿನಲ್ಲಿ ಅದು ಮೊದಲೇ ಬರಬೇಕು. ಹಾಗಾಗಿ ಉದ್ಧರಣೆಯನ್ನು ಮೂಲ ಪುಟದ ಜೊತೆ ಅಕ್ಷರಕ್ಕೆ ಅಕ್ಷರ ಹೋಲಿಸದೆ ಬಳಸಲೇಬೇಡಿ. ಪುಟಗಳ ಚಿತ್ರ ಮಾತ್ರ ಇದ್ದರೆ ನಕಲಿಸಲೂ ಆಗದು, ಕಣ್ಣಿನಿಂದಲೇ ಓದಬೇಕು.

ನಮ್ಮ ದೃಷ್ಟಿಯಲ್ಲಿ ಈ ಭಂಡಾರದ ನಿಜವಾದ ಬೆಲೆ ಇರುವುದು ಯಾರೂ ತೆರೆಯದ ‘ಕೃತಜ್ಞತೆಗಳು’ ಪುಟದಲ್ಲಿ. ನಿಂತುಹೋದ ಸಣ್ಣ ಪತ್ರಿಕೆಯ ಸಂಚಿಕೆ ಯಾರ ಮನೆಯ ಕಪಾಟಿನಿಂದ ಬಂತು, ಯಾವ ಗ್ರಂಥಪಾಲಕರು ಹುಡುಕಿ ಕೊಟ್ಟರು, ಕರಡನ್ನು ಯಾವ ಸಹೋದ್ಯೋಗಿ ತಿದ್ದಿದರು ಎಂಬ ಸುಳಿವು ಅಲ್ಲಿ ಸಿಗುತ್ತದೆ. ಸಮಕಾಲೀನ ಕಥೆಗಳು ಪುಸ್ತಕವಾಗುವ ಮೊದಲು ವಿಶೇಷಾಂಕಗಳಲ್ಲಿ ಬಂದಿರುತ್ತವಾದ್ದರಿಂದ ಆ ಸುಳಿವೇ ಅರ್ಧ ಕ್ಷೇತ್ರಕಾರ್ಯ.

ಇಷ್ಟು ಕೊಡುವ ಪ್ರಬಂಧಗಳನ್ನು ಓದಿ, ಅವುಗಳ ಗ್ರಂಥಋಣವನ್ನೇ (ಆಕರಗಳ ಪಟ್ಟಿ) ಎತ್ತಿಕೊಂಡು, ಅಡಿಟಿಪ್ಪಣಿಯಲ್ಲಿ ಹೆಸರೂ ಹೇಳದಿರುವುದು ವಿಭಾಗಗಳ ನಡುವಿನ ನಂಬಿಕೆಯನ್ನೇ ಕೆಡಿಸುತ್ತದೆ. ಹೆಸರು, ವಿಶ್ವವಿದ್ಯಾಲಯ, ವರ್ಷ, ಅಧ್ಯಾಯ, ಪುಟ ಇಷ್ಟನ್ನೂ ಬರೆಯಿರಿ. ಮಾರ್ಗದರ್ಶಕರಲ್ಲಿ ಒಂದು ಕೋರಿಕೆ: ಪ್ರಬಂಧ ಏರಿಸುವ ಮುನ್ನ ಯೂನಿಕೋಡ್ ಪ್ರತಿ ಕೇಳಿ, ಶೀರ್ಷಿಕೆಯನ್ನು ಕನ್ನಡ ಲಿಪಿಯಲ್ಲೂ ನಮೂದಿಸಿ.