ಕಾಮೆಟ್, ಟಿಯಾಗೊ, ಹಳೆಯ ಇವಿ, ಸ್ಟಾರ್ಟಪ್ ಕಾರು: ನಾನು ಓಡಿಸಿ ನೋಡಿದ್ದು, ಓಡಿಸದೆ ಬಿಟ್ಟಿದ್ದು

ಬೆಂಗಳೂರಿನ ಒಳಗೆ ಓಡಾಡೋಕೆ ಒಂದು ಪುಟ್ಟ ಎಲೆಕ್ಟ್ರಿಕ್ ಕಾರು, ಅಂದರೆ ಇವಿ, ಬೇಕು ಅನ್ನುವವರಿಗೆ ಈಗ ಮೂರು ದಾರಿ ಇವೆ. ದೊಡ್ಡ ಕಂಪನಿಯ ಹೊಸ ಕಾರು ತಗೊಳ್ಳಬಹುದು. ತಯಾರಿಕೆ ನಿಂತುಹೋದ ಹಳೆಯ ಇವಿಯನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕಡಿಮೆ ರೇಟಿಗೆ ಹಿಡಿಯಬಹುದು. ಇಲ್ಲಾಂದ್ರೆ ಯಾವುದಾದರೂ ಸ್ಟಾರ್ಟಪ್‌ಗೆ ಟೋಕನ್ ಕೊಟ್ಟು ಕಾಯಬಹುದು. ಮೊದಲ ಎರಡನ್ನು ನಾನು ಓಡಿಸಿದ್ದೇನೆ. ಮೂರನೆಯದಕ್ಕೆ ದುಡ್ಡು ಕಟ್ಟುವ ಪೇಜಿನವರೆಗೂ ಹೋಗಿ ವಾಪಸ್ ಬಂದಿದ್ದೇನೆ.

ನಮ್ಮ ಮನೆಯಲ್ಲಿರುವುದು ಟಾಟಾ ಟಿಯಾಗೊ ಇವಿ, 24 ಯೂನಿಟ್ ಬ್ಯಾಟರಿಯದು. ತಂಗಿಯ ಮನೆಯಲ್ಲಿ ಎಂಜಿ ಕಾಮೆಟ್, 17.3 ಯೂನಿಟ್. ಎರಡೂ ಮನೆ ಹತ್ತಿರವೇ. ಹಾಗಾಗಿ ಕಾರುಗಳ ಅದಲುಬದಲು ನಡೆಯುತ್ತಲೇ ಇರುತ್ತದೆ.

ಊರೊಳಗೆ ಕಾಮೆಟ್‌ಗೆ ಸಾಟಿ ಇಲ್ಲ. ಉದ್ದ 3 ಮೀಟರ್‌ಗೂ ಕಡಿಮೆ, ತಿರುಗಿಸಲು 4.2 ಮೀಟರ್ ರೇಡಿಯಸ್ ಸಾಕು. ಗಾಂಧಿ ಬಜಾರಿನಲ್ಲಿ ಎರಡು ಬೈಕು ನಿಂತು ಖಾಲಿಯಾದ ಜಾಗಕ್ಕೆ ಅದನ್ನು ನುಗ್ಗಿಸಬಹುದು. ಟಿಯಾಗೊದಲ್ಲಿ ಅದೇ ಜಾಗ ನೋಡಿ ನಿಟ್ಟುಸಿರು ಬಿಟ್ಟು ಮುಂದೆ ಹೋಗುತ್ತೇನೆ. ಆದರೆ ಕಾಮೆಟ್‌ಗೆ ಇರುವುದು ಎರಡೇ ಬಾಗಿಲು. ಹಿಂದೆ ಕೂತವರು ಇಳಿಯಬೇಕಾದರೆ ಮುಂದಿನ ಸೀಟು ಜರುಗಬೇಕು, ಮುಂದೆ ಕೂತವರು ಮೊದಲು ಇಳಿಯಬೇಕು. ಅಮ್ಮ ಒಂದು ಸಲ ಹಿಂದೆ ಕೂತರು. ಆಮೇಲೆ 'ಆಟೋ ಕರಿ' ಅಂದರು. ಡಿಕ್ಕಿ ಇಲ್ಲವೇ ಇಲ್ಲ. ಹಿಂದಿನ ಸೀಟು ಮಡಚಿದರೆ ತರಕಾರಿ ಚೀಲ, ಗ್ಯಾಸ್ ಸಿಲಿಂಡರ್ ಎಲ್ಲಾ ಹಿಡಿಯುತ್ತದೆ, ಆಗ ಅದು ಇಬ್ಬರ ಕಾರು.

ಹೆದ್ದಾರಿಗೆ ಬಂದರೆ ಮಾತು ಉಲ್ಟಾ. ಟಿಯಾಗೊಗೆ ಡಿಸಿ ಫಾಸ್ಟ್ ಚಾರ್ಜಿಂಗ್ ಇದೆ, ಶೇಕಡಾ 10ರಿಂದ 80ಕ್ಕೆ ಒಂದು ಗಂಟೆಯೊಳಗೆ ಅಂತ ಕಂಪನಿಯ ಲೆಕ್ಕ. ಮೈಸೂರಿಗೆ ಹೋಗುವಾಗ ಎಕ್ಸ್‌ಪ್ರೆಸ್‌ವೇ ಬಿಟ್ಟು ಮದ್ದೂರಿನ ಕಡೆ ಇಳಿಯುತ್ತೇವೆ. ಕಾರು ಚಾರ್ಜಿಗೆ, ನಾವು ವಡೆಗೆ. ಕಾಮೆಟ್‌ಗೆ ಡಿಸಿ ಇಲ್ಲ. ತಂಗಿಯ ಕಾರಿನಲ್ಲಿರುವ 3.3 ಕಿಲೋವ್ಯಾಟ್ ಚಾರ್ಜರಿನಲ್ಲಿ ಪೂರ್ತಿ ಚಾರ್ಜ್ ಆಗಲು ಸುಮಾರು 7 ಗಂಟೆ. ಮೈಸೂರಿನಲ್ಲಿ ನೆಂಟರ ಮನೆ, ಅಲ್ಲಿ 15 ಆಂಪ್ ಪ್ಲಗ್, ಒಂದು ರಾತ್ರಿಯ ತಂಗುವಿಕೆ, ಈ ಮೂರೂ ಇದ್ದರೆ ಮಾತ್ರ ಆ ಪ್ರಯಾಣ.

ರೇಂಜ್, ಅಂದರೆ ಒಂದು ಚಾರ್ಜಿಗೆ ಎಷ್ಟು ದೂರ ಅನ್ನುವುದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬಿಡುಗಡೆಯಾದಾಗ ಟಿಯಾಗೊಗೆ 315 ಕಿಲೋಮೀಟರ್, ಕಾಮೆಟ್‌ಗೆ 230 ಅಂತ ಕಾಗದದ ಮೇಲೆ ಇತ್ತು. ಎಸಿ, ಟ್ರಾಫಿಕ್ಕು, ಮೇಲ್ಸೇತುವೆಗಳ ಮಧ್ಯೆ ಮೂರನೇ ಒಂದು ಭಾಗ ಕಳೆದುಕೊಳ್ಳಿ, ಸರಿಹೋಗುತ್ತದೆ. ಖರ್ಚು? ಯೂನಿಟ್‌ಗೆ ಸುಮಾರು 6 ರೂಪಾಯಿ ಅಂತ ಹಿಡಿದರೆ, ಚಾರ್ಜ್ ಮಾಡುವಾಗ ಪೋಲಾಗುವುದನ್ನೂ ಸೇರಿಸಿ, ಮನೆಯ ಕರೆಂಟಿನಲ್ಲಿ ಟಿಯಾಗೊ ಕಿಲೋಮೀಟರಿಗೆ ಒಂದು ರೂಪಾಯಿಯ ಒಳಗೇ ಓಡುತ್ತದೆ.

ಎಲ್ಲರೂ ಕೇಳುವ ಪ್ರಶ್ನೆ ಬ್ಯಾಟರಿ ಎಷ್ಟು ವರ್ಷ ಬರುತ್ತೆ ಅನ್ನುವುದು. ಈ ಹೆದರಿಕೆಗೆ ಕಾರಣ ಇದೆ. ಬೆಂಗಳೂರಿನವರು ರೇವಾ ನೋಡಿದವರು. 2001ರಲ್ಲಿ ಇಲ್ಲೇ ಹುಟ್ಟಿದ ಆ ಕಾರಿನ ಮುಂದಿನ ಸೀಟಿನ ಕೆಳಗೆ 6 ವೋಲ್ಟಿನ ಎಂಟು ಲೆಡ್ ಆಸಿಡ್ ಬ್ಯಾಟರಿಗಳಿದ್ದವು. ಡಿಸ್ಟಿಲ್ಡ್ ವಾಟರ್ ಹಾಕುತ್ತಾ ಇರಬೇಕು. ಲೆಡ್ ಆಸಿಡ್‌ನ ಗುಣವೇ ಹಾಗೆ, ದಿನಾ ಖಾಲಿ ಮಾಡಿ ತುಂಬಿಸುತ್ತಿದ್ದರೆ ಕೆಲವೇ ವರ್ಷಕ್ಕೆ ಇಡೀ ಸೆಟ್ ಬದಲಿಸಬೇಕು. ಆಗಿನ ಲೆಕ್ಕವನ್ನೇ ಜನ ಈಗಲೂ ತಲೆಯಲ್ಲಿಟ್ಟುಕೊಂಡಿದ್ದಾರೆ.

ಈಗಿನ ಲೆಕ್ಕ ಬೇರೆ. ಟಿಯಾಗೊ, ಕಾಮೆಟ್ ಎರಡರಲ್ಲೂ ಇರುವುದು ಲಿಥಿಯಂ ಐರನ್ ಫಾಸ್ಫೇಟ್, ಅಂದರೆ ಎಲ್‌ಎಫ್‌ಪಿ. ಈ ಜಾತಿಯ ಸೆಲ್‌ಗಳು ಸಾಮಾನ್ಯವಾಗಿ 2000 ಸೈಕಲ್ ದಾಟುತ್ತವೆ, ಒಂದು ಸಲ ಪೂರ್ತಿ ತುಂಬಿಸಿ ಖಾಲಿ ಮಾಡಿದರೆ ಒಂದು ಸೈಕಲ್. ಒಂದು ಸೈಕಲ್‌ಗೆ ಬರೀ 150 ಕಿಲೋಮೀಟರ್ ಹಿಡಿದರೂ 3 ಲಕ್ಷ ಆಯಿತು. ಊರೊಳಗೆ ವರ್ಷಕ್ಕೆ 12,000 ಓಡಿಸುವವರು ಅದನ್ನು ಮುಗಿಸಲು 25 ವರ್ಷ ಬೇಕು. ಅಂದರೆ ಓಡಿಸಿ ಓಡಿಸಿ ಬ್ಯಾಟರಿ ಸವೆಸುವುದು ನಮ್ಮಂಥವರ ಕೈಯಲ್ಲಿ ಆಗದ ಕೆಲಸ. ಅದು ಮುದಿಯಾಗುವುದು ಸುಮ್ನೆ ನಿಂತಲ್ಲೇ, ಬಿಸಿಲಿಗೆ, ವಯಸ್ಸಿಗೆ.

ಬಿಸಿ ಏನು ಮಾಡುತ್ತದೆ ಅನ್ನುವುದಕ್ಕೆ ನಿಸಾನ್ ಲೀಫ್ ಅನ್ನುವ ಇವಿಯ ಕಥೆ ಇದೆ. ಅದರ ಬ್ಯಾಟರಿಗೆ ದ್ರವದ ಕೂಲಿಂಗ್ ಇರಲಿಲ್ಲ. 2012ರ ಹೊತ್ತಿಗೆ ಅಮೆರಿಕದ ಅರಿಜೋನಾದ ಮರಳುಗಾಡಿನ ಸೆಖೆಯಲ್ಲಿ ಮಾಲೀಕರ ಕಾರುಗಳ ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿ ಶಕ್ತಿ ತೋರಿಸುವ ಗೆರೆಗಳು ಒಂದೊಂದಾಗಿ ಮಾಯವಾದವು. ಗಲಾಟೆಯಾದ ಮೇಲೆ ಕಂಪನಿ, ಶಕ್ತಿ ಕುಗ್ಗಿದ್ದಕ್ಕೂ ವಾರಂಟಿ ಕೊಟ್ಟಿತು. ನಮ್ಮ ಟಿಯಾಗೊದಲ್ಲಿ ದ್ರವದ ಕೂಲಿಂಗ್ ಇದೆ. ಬೆಂಗಳೂರಿನ ಹವೆ ಹೇಗೂ ಬ್ಯಾಟರಿಗೆ ಹೇಳಿಮಾಡಿಸಿದ ಹಾಗಿದೆ. ರಾಯಚೂರು, ಕಲಬುರಗಿಯಲ್ಲಿದ್ದವರು ಮಾತ್ರ ನೆರಳಿನ ಪಾರ್ಕಿಂಗ್‌ಗೆ ಒಂದು ಶೀಟ್ ಹಾಕಿಸಿಕೊಳ್ಳುವುದು ಒಳ್ಳೆಯದು. ಪೂರ್ತಿ ಚಾರ್ಜ್ ಮಾಡಿ ವಾರಗಟ್ಟಲೆ ಬಿಸಿಲಲ್ಲಿ ನಿಲ್ಲಿಸಬೇಡಿ.

ಇನ್ನೊಂದು ವಿಷಯ. ಎಲ್‌ಎಫ್‌ಪಿಯ ವೋಲ್ಟೇಜು ಬಹಳ ಹೊತ್ತು ಒಂದೇ ಮಟ್ಟದಲ್ಲಿ ನಿಂತಿರುತ್ತದೆ. ಹಾಗಾಗಿ ಎಷ್ಟು ಉಳಿದಿದೆ ಅಂತ ಕಾರಿಗೇ ಸರಿಯಾಗಿ ಗೊತ್ತಾಗುವುದಿಲ್ಲ, ಶೇಕಡಾ ಲೆಕ್ಕ ಆಚೀಚೆ ಆಗುತ್ತದೆ. ಆಗಾಗ ಮನೆಯಲ್ಲಿ ನಿಧಾನವಾಗಿ 100ರವರೆಗೆ ಚಾರ್ಜ್ ಮಾಡಿದರೆ ಲೆಕ್ಕ ಮತ್ತೆ ಸರಿಹೋಗುತ್ತದೆ. 'ಬ್ಯಾಟರಿ ಹೋಯ್ತು' ಅಂತ ಗಾಬರಿಯಾಗುವವರು ಮೊದಲು ಇದನ್ನು ಮಾಡಿ ನೋಡಲಿ.

ವಾರಂಟಿ ಟಿಯಾಗೊಗೆ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್, ಕಾಮೆಟ್‌ಗೆ 8 ವರ್ಷ ಅಥವಾ 1.2 ಲಕ್ಷ. ನಮ್ಮ ಬಳಕೆಗೆ ಎರಡೂ ಒಂದೇ. ಕಿಲೋಮೀಟರಿಗಿಂತ ಮೊದಲು ವರ್ಷ ಮುಗಿಯುತ್ತದೆ. ಕಾಮೆಟ್‌ನಲ್ಲಿ ಬ್ಯಾಟರಿ ಬಾಡಿಗೆಯ ಯೋಜನೆಯೂ ಬಂತು. 2024ರಲ್ಲಿ ಅದು ಶುರುವಾದಾಗ ಕಾರಿಗೆ 4.99 ಲಕ್ಷ, ಮೇಲೆ ಕಿಲೋಮೀಟರಿಗೆ 2.50 ರೂಪಾಯಿ. ಬ್ಯಾಟರಿ ಸಮೇತ ಕೊಂಡರೆ ಆಗ 6.99 ಲಕ್ಷ. ವ್ಯತ್ಯಾಸ 2 ಲಕ್ಷ, ಅಂದರೆ 80,000 ಕಿಲೋಮೀಟರಿನ ಬಾಡಿಗೆ. ತಿಂಗಳಿಗೆ ಸಾವಿರ ಓಡಿಸುವವರಿಗೆ ಆರೂವರೆ ವರ್ಷದ ಮೇಲೆ ನಷ್ಟ ಶುರು. ಬೇಗ ಕಾರು ಬದಲಿಸುವವರಿಗೆ ಬಾಡಿಗೆ ಸರಿ. ತಂಗಿ ಬ್ಯಾಟರಿ ಸಮೇತ ಕೊಂಡಳು, ನನಗೂ ಅದೇ ಸರಿ ಅನ್ನಿಸುತ್ತದೆ.

ಇನ್ನು ಹಳೆಯ ಇವಿ. ಯಾವ ಕಾರು, ಯಾವ ಕಂಪನಿ ಅಂತ ಹೇಳುವುದಿಲ್ಲ. ಗೆಳೆಯನೊಬ್ಬ ಅಗ್ಗಕ್ಕೆ ಹಿಡಿದಿದ್ದ, ಒಂದಷ್ಟು ಕಾಲ ನಾನೂ ಓಡಿಸಿದೆ. ವಯಸ್ಸಿಗೆ ಹೋಲಿಸಿದರೆ ಬ್ಯಾಟರಿ ಗಟ್ಟಿಯಾಗಿಯೇ ಇತ್ತು. ಕೈಕೊಟ್ಟಿದ್ದು ಚಾರ್ಜರ್. ಮಳೆಗಾಲದ ಒಂದು ರಾತ್ರಿ ವೋಲ್ಟೇಜ್ ಏರಿ ಕಾರಿನೊಳಗಿನ ಚಾರ್ಜರ್ ಬೋರ್ಡು ಸುಟ್ಟಿತು. ಹೊಸ ಬೋರ್ಡು ಎಲ್ಲೂ ಸಿಗಲಿಲ್ಲ. ಕೊನೆಗೆ ಎಸ್.ಪಿ. ರೋಡಿನ ಒಂದು ಕಿರಿದಾದ ಅಂಗಡಿಯಲ್ಲಿ, ಇನ್ವರ್ಟರ್ ರಿಪೇರಿ ಮಾಡುವವರು ಬೋರ್ಡನ್ನು ಭೂತಗನ್ನಡಿಯ ಕೆಳಗಿಟ್ಟು ನೋಡಿದರು. ಕಪ್ಪಾದ ಎರಡು ಮಾಸ್ಫೆಟ್, ಅಂದರೆ ಕರೆಂಟಿಗೆ ಸ್ವಿಚ್ಚಿನಂತೆ ಕೆಲಸ ಮಾಡುವ ಪುಟ್ಟ ಬಿಡಿಭಾಗ, ಕಿತ್ತು ಬೇರೆ ಹಾಕಿದರು. ಬಿಲ್ಲು ನೋಡಿ ನಗು ಬಂತು, ಒಂದು ಸಲ ಊಟಕ್ಕೆ ಹೋದಷ್ಟೂ ಆಗಿರಲಿಲ್ಲ. ಆದರೆ ಅವರು ಸಿಗುವವರೆಗೆ ಚೆನ್ನಾಗಿದ್ದ ಬ್ಯಾಟರಿ ಹೊತ್ತುಕೊಂಡು ಕಾರು ತಿಂಗಳುಗಟ್ಟಲೆ ಮೂಲೆಯಲ್ಲಿ ನಿಂತಿತ್ತು. ನಾನು ಕಾರು ಅಳೆಯುವ ರೀತಿ ಬದಲಾಗಿದ್ದು ಅಲ್ಲಿಂದ. ಬ್ಯಾಟರಿ ಎಂಟು ವರ್ಷ ಬಾಳುತ್ತದೆ, ಸರಿ. ಎಂಟನೇ ವರ್ಷದಲ್ಲಿ ಬೋರ್ಡು ಕೊಡುವವರು ಇರುತ್ತಾರಾ?

ಸ್ಟಾರ್ಟಪ್ ಕಾರುಗಳನ್ನು ನೋಡುವಾಗ ಇದೇ ಪ್ರಶ್ನೆ ಅಡ್ಡ ಬರುತ್ತದೆ. ಆಸೆ ಹುಟ್ಟಿಸುವ ಕಾರುಗಳೇ. ಮುಂಬೈನ ಪಿಎಂವಿ 2022ರ ನವೆಂಬರಿನಲ್ಲಿ 4.79 ಲಕ್ಷದ ಈಸಿ ತೋರಿಸಿತು, ಒಬ್ಬರ ಹಿಂದೆ ಒಬ್ಬರು ಕೂರುವ ಕಾರು. ಪುಣೆಯ ವೇವ್ ಮೊಬಿಲಿಟಿ 2025ರ ಜನವರಿಯಲ್ಲಿ ದೆಹಲಿಯಲ್ಲಿ ಇವಾ ಬಿಡುಗಡೆ ಮಾಡಿತು, ಚಾವಣಿಯ ಮೇಲೆ ಸೋಲಾರ್ ಪ್ಯಾನೆಲ್, ಬ್ಯಾಟರಿ ಬಾಡಿಗೆಗೆ ತಗೊಂಡರೆ 3.25 ಲಕ್ಷದಿಂದ ಶುರು. ಒಬ್ಬಿಬ್ಬರು ಓಡಾಡುವ ಊರಿಗೆ ಇಷ್ಟು ಸಾಕು, ಅಲ್ವಾ? ಯೋಚನೆಯಲ್ಲಿ ತಪ್ಪೇನೂ ಇಲ್ಲ.

ಕಷ್ಟ ಇರುವುದು ದುಡ್ಡಿನಲ್ಲಿ. ಟಿಯಾಗೊದ ಬಾಗಿಲು, ಗಾಜು, ದೀಪ ಎಲ್ಲಾ ಪೆಟ್ರೋಲ್ ಟಿಯಾಗೊದವೇ. ಅವನ್ನು ತಯಾರಿಸುವ ಅಚ್ಚುಗಳಿಗೆ ಹಾಕಿದ ದುಡ್ಡು ಎಂದೋ ವಾಪಸ್ ಬಂದಿದೆ. ಕಾಮೆಟ್ ಕೂಡ ಚೀನಾದ ವೂಲಿಂಗ್‌ನ ಏರ್ ಇವಿಯ ಮೇಲೆ ಕಟ್ಟಿದ್ದು. ಸ್ಟಾರ್ಟಪ್ ಎಲ್ಲವನ್ನೂ ಹೊಸದಾಗಿ ಮಾಡಿಸಬೇಕು, ಟೆಸ್ಟಿಂಗ್ ಪಾಸಾಗಬೇಕು. ಅದನ್ನೆಲ್ಲಾ ಅತಿ ಕಡಿಮೆ ಲಾಭ ಕೊಡುವ ಪುಟ್ಟ ಕಾರಿನಿಂದ ವಾಪಸ್ ಪಡೆಯಬೇಕು. ಹೊರದೇಶಗಳಲ್ಲೂ ಇದೇ ಆಯಿತು. ಜರ್ಮನಿಯ ಮ್ಯೂನಿಕ್‌ನ ಸೋನೊ ಮೋಟರ್ಸ್‌ನ ಸೋಲಾರ್ ಕಾರು ಸಿಯೋನ್‌ಗೆ 40,000ಕ್ಕೂ ಹೆಚ್ಚು ಬುಕಿಂಗ್ ಇದ್ದವು. ಬಂಡವಾಳ ಹುಟ್ಟದೆ 2023ರ ಫೆಬ್ರವರಿಯಲ್ಲಿ ಆ ಕಾರನ್ನೇ ಕೈಬಿಟ್ಟರು. ಅದೇ ದೇಶದ ಆಖೆನ್‌ನ ಪುಟ್ಟ ಇವಿ ಕಂಪನಿ ಇ.ಗೋ ಎರಡು ಸಲ ದಿವಾಳಿಯಾಯಿತು. ಕೆನಡಾದ ಎಲೆಕ್ಟ್ರಾಮೆಕ್ಯಾನಿಕಾ ಓಡುವಾಗಲೇ ಶಕ್ತಿ ಕಳೆದುಕೊಳ್ಳುವ ದೋಷಕ್ಕಾಗಿ ತನ್ನ ಮೂರು ಚಕ್ರದ ಸೋಲೊ ಕಾರುಗಳನ್ನು, ಒಟ್ಟು 429, ದುಡ್ಡು ಕೊಟ್ಟು ವಾಪಸ್ ಕೊಂಡಿತು. ಅವರ ಗ್ರಾಹಕರ ಕೈಗೆ ದುಡ್ಡಾದರೂ ಬಂತು. ನಮ್ಮ ರೇವಾ ಉಳಿದುಕೊಂಡಿದ್ದು 2010ರಲ್ಲಿ ಮಹೀಂದ್ರಾ ಬಹುಪಾಲು ಷೇರು ಕೊಂಡಿದ್ದರಿಂದ.

ಕಂಪನಿ ಮುಚ್ಚಿದರೆ ಬ್ಯಾಟರಿಗೆ ಯಾರಾದರೂ ಸೆಲ್ ಜೋಡಿಸಿಕೊಟ್ಟಾರು. ಮುಂದಿನ ಗಾಜು ಒಡೆದರೆ? ಆ ಅಳತೆಯ ಗಾಜು ಭೂಮಿಯ ಮೇಲೆ ಇನ್ನೊಂದು ಇರುವುದಿಲ್ಲ.

ಮನೆಗೆ ಒಂದೇ ಕಾರು ಅನ್ನುವವರಿಗೆ ನಾನು ಟಿಯಾಗೊ ಅನ್ನುತ್ತೇನೆ. ಎರಡನೇ ಕಾರು, ಊರೊಳಗೆ ಮಾತ್ರ, ಹಿಂದಿನ ಸೀಟಿನಲ್ಲಿ ವಯಸ್ಸಾದವರು ಕೂರುವುದಿಲ್ಲ ಅಂದರೆ ಕಾಮೆಟ್. ಹಳೆಯ ಇವಿಯನ್ನು ರಿಪೇರಿ ಮಾಡುವವರು ಗುರುತಿದ್ದರೆ ಮಾತ್ರ ಮುಟ್ಟಿ. ತಗೊಳ್ಳುವ ಮುಂಚೆ ಬ್ಯಾಟರಿಯ ಆರೋಗ್ಯದ ರಿಪೋರ್ಟ್ ಕೇಳಿ, ಕೊಡದಿದ್ದರೆ ಎದ್ದು ಬನ್ನಿ. ಇವಾ ನಮ್ಮೂರಿನ ರಸ್ತೆಯಲ್ಲಿ ಎರಡು ಮಳೆಗಾಲ ಓಡಿ, ಸರ್ವಿಸ್ ಸೆಂಟರ್ ಬಾಗಿಲು ತೆರೆದಿದ್ದರೆ ನಾನೇ ಹೋಗಿ ಓಡಿಸಿ ನೋಡುತ್ತೇನೆ. ಟೋಕನ್‌ಗೆ ಅಂತ ಎತ್ತಿಟ್ಟಿದ್ದ ದುಡ್ಡಿನಲ್ಲಿ ಮನೆಯ ಅರ್ಥಿಂಗ್ ಸರಿ ಮಾಡಿಸಿ, ಚಾರ್ಜಿಂಗ್ ಲೈನಿಗೆ, ವೋಲ್ಟೇಜ್ ದಿಢೀರ್ ಏರಿದರೆ ತಡೆಯುವ ಒಂದು ಸರ್ಜ್ ಪ್ರೊಟೆಕ್ಟರ್ ಹಾಕಿಸಿದೆ. ಯಾವ ಕಂಪನಿಯ ಇವಿ ತಗೊಂಡರೂ ಅದು ಬೇಕೇ ಬೇಕು.